ಸಾವಿಗೆಂದು ಎತ್ತಿಟ್ಟ ಮೂರು ಚಿತ್ರ

ಮೊಳ ಹಾಕಿ ಅಳೆಯುವುದು ಹೂವನ್ನು ಮಾತ್ರ ಎಂದು ತಿಳಿದಿದ್ದರೆ ನಿಮಗೆ ನಮ್ಮ ಮಕ್ಬೂಲಣ್ಣ ಗೊತ್ತಿಲ್ಲ ಎಂದಾಯಿತು. ಅವನು ಫಿಲಂ ಅಳೆಯುತ್ತಿದ್ದುದು ಮೊಳದಲ್ಲಿ. ನಡುಬೆರಳ ತುದಿಯಿಂದ ಮೊಣಕೈವರೆಗೆ ಒಂದು, ಅದರ ಮೇಲೆ ಅರ್ಧ. ಒಂದೂವರೆ ಮೊಳಕ್ಕೆ ಹನ್ನೆರಡು ಚಿತ್ರ. ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲಲ್ಲಿ ಅಳೆಯುತ್ತಿದ್ದ, ಆದರೂ ಇಪ್ಪತ್ತು ವರ್ಷದಲ್ಲಿ ಅದು ಹನ್ನೊಂದಾಗಿದ್ದನ್ನು ನಾನು ನೋಡಲಿಲ್ಲ.

ನಾನು ಅಶ್ವಥ್, ರಾಮನಗರದ ಒಂದು ಸಂಜೆ ಪತ್ರಿಕೆಯಲ್ಲಿ ವರದಿಗಾರನಾಗಿದ್ದವನು. ಮಕ್ಬೂಲಣ್ಣ ಅದೇ ಪತ್ರಿಕೆಯ ಫೋಟೋಗ್ರಾಫರ್. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಆದರೆ ಅಷ್ಟು ವರ್ಷ ಒಂದೇ ಮೊಪೆಡ್ಡಿನ ಮೇಲೆ ಹಿಂದೆ ಮುಂದೆ ಕೂತು ಧೂಳು ಕುಡಿದ ಮೇಲೆ ಬಹುವಚನ ಎಲ್ಲಿ ಉಳಿಯುತ್ತದೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕು ತಾಲ್ಲೂಕಿಗೂ ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಅಂತ ಇದ್ದವನು ಅವನೊಬ್ಬನೇ. ಅವನಿಗೆ ಕ್ಯಾಮೆರಾ ಒಂದೇ, ತಿಂಗಳಿಗೆ ಫಿಲಂ ಡಬ್ಬಿಯೂ ಒಂದೇ.

ಆ ಡಬ್ಬಿ ಬೆಂಗಳೂರಿನಿಂದ ಬರುತ್ತಿತ್ತು. ಅಂಗೈ ಅಗಲದ ದುಂಡನೆಯ ತಗಡಿನ ಡಬ್ಬಿ, ಒಳಗೆ ಕಪ್ಪು ಕಾಗದ, ಅದರೊಳಗೆ ನೂರು ಅಡಿ ಕಪ್ಪು ಬಿಳುಪು ಫಿಲಂ. ಅಂಗಡಿಯಲ್ಲಿ ಸಿಗುವ ಸಿದ್ಧ ರೀಲು ಕೊಳ್ಳುವುದು ನಮ್ಮ ಪತ್ರಿಕೆಯ ಜಾತಕದಲ್ಲೇ ಇರಲಿಲ್ಲ. ಸ್ಟುಡಿಯೋದವರು ಬಿಸಾಡಿದ ಖಾಲಿ ರೀಲುಗಳನ್ನು ಮಕ್ಬೂಲಣ್ಣ ಆಯ್ದು ತರುತ್ತಿದ್ದ. ಅವನ ಅಪ್ಪ ರೇಷ್ಮೆ ನೂಲು ತೆಗೆಯುತ್ತಿದ್ದ ಹಿಂದಿನ ಕೋಣೆಯ ಕಿಟಕಿ ಮುಚ್ಚಿ ಅದನ್ನೇ ಕತ್ತಲಕೋಣೆ ಮಾಡಿಕೊಂಡಿದ್ದ. ಅಲ್ಲಿ ಬಾಗಿಲು ಹಾಕಿಕೊಂಡು, ನೂರು ಅಡಿಯನ್ನು ಒಂದೂವರೆ ಮೊಳದ ತುಂಡು ಮಾಡಿ, ಒಂದೊಂದನ್ನೂ ಖಾಲಿ ರೀಲಿಗೆ ಸುತ್ತಿ ಮುಚ್ಚುತ್ತಿದ್ದ. ಎಷ್ಟು ವರ್ಷವಾದರೂ ಆ ಗೋಡೆಯಿಂದ ಬೇಯಿಸಿದ ರೇಷ್ಮೆಗೂಡಿನ ವಾಸನೆ ಹೋಗಿರಲಿಲ್ಲ. ಅದಕ್ಕೆ ಫಿಲಂ ತೊಳೆಯುವ ಹೈಪೋ ಔಷಧಿಯ ವಾಸನೆಯೂ ಸೇರಿ, ಒಳಗೆ ಹೋದವನಿಗೆ ಅರ್ಧ ಗಂಟೆ ಊಟ ಬೇಡವಾಗುತ್ತಿತ್ತು.

ಅವನ ಹೆಂಡತಿ ಗುಲ್ಜಾರ್ ಬೀ ಹೊರಗಿನಿಂದ ಚಹಾ ಎಂದು ಕೂಗಿದರೂ ಮಧ್ಯದಲ್ಲಿ ಬಾಗಿಲು ತೆಗೆಯುವಂತಿಲ್ಲ. ಒಂದು ಸಲ ತೆರೆದರೆ ತಿಂಗಳ ಫಿಲಮ್ಮೆಲ್ಲ ಬೆಳಕು ಕುಡಿದು ಸತ್ತಂತೆಯೇ.

ಎಂಜಲು ಕೈಯಲ್ಲಿ ಕಾಗೆ ಓಡಿಸದವರನ್ನು ಕಂಡಿದ್ದೇನೆ. ಫಿಲಂ ವಿಷಯದಲ್ಲಿ ಮಕ್ಬೂಲಣ್ಣ ಅವರಿಗೆಲ್ಲ ಗುರು. ಒಂದು ಸಮಾರಂಭಕ್ಕೆ ಎರಡೇ ಚಿತ್ರ. ಎರಡೂ ಒಂದೇ ಜಾಗದಿಂದ, ಯಾಕೆಂದರೆ ಮೊದಲನೆಯದರಲ್ಲಿ ಯಾರಾದರೂ ಕಣ್ಣು ಮುಚ್ಚಿರುತ್ತಾರೆ. ನಾಲ್ಕು ಸಮಾರಂಭಕ್ಕೆ ಹೋಗಿ ಬಂದರೂ ರೀಲು ಮುಗಿಯುತ್ತಿರಲಿಲ್ಲ. ಮನೆಗೆ ಬಂದು ತೆಗೆದಷ್ಟನ್ನು ಮಾತ್ರ ಕತ್ತಲಲ್ಲಿ ಕತ್ತರಿಸಿ ತೊಳೆದು, ಉಳಿದ ತುಂಡನ್ನು ಅದೇ ರೀಲಿನಲ್ಲಿಟ್ಟು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಉಳಿಸುವುದಕ್ಕೂ ಅವನದೊಂದು ಕಟ್ಟಳೆಯಿತ್ತು. ವೃತ್ತಿಗೆ ಬಂದ ಹೊಸದರಲ್ಲಿ, ಮಾಗಡಿಯಲ್ಲಿ ಒಂದು ಸಾಮೂಹಿಕ ಮದುವೆಗೆ ಹನ್ನೆರಡೂ ಚಿತ್ರ ಸುರಿದು ಬರುವಾಗ, ದಾರಿಯಲ್ಲಿ ಬಸ್ಸೊಂದು ಮಗುಚಿ ಬಿದ್ದಿತ್ತಂತೆ. ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಇವನು ಖಾಲಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅಲ್ಲಿ ನಿಂತಿದ್ದ. ಸಂಪಾದಕರು ಉಗಿದ ಉಗಿತ ಹಾಗಿರಲಿ, ಹೆಣ ಗುರುತಿಸಲು ಬಂದವರೊಬ್ಬರು ಫೋಟೋ ಕೇಳಿದಾಗ ಇಲ್ಲವೆಂದದ್ದು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅವತ್ತಿನಿಂದ, ಮನೆ ಸೇರುವ ತನಕ ರೀಲಿನಲ್ಲಿ ಮೂರು ಚಿತ್ರ ಉಳಿಯಲೇಬೇಕು. ಯಾರು ಏನೇ ಅಂದರೂ ಆ ಮೂರನ್ನು ಮುಟ್ಟುತ್ತಿರಲಿಲ್ಲ. ಸಾವಿಗೆ ಮೂರು ಎನ್ನುತ್ತಿದ್ದ. ನಾನು, ನಿನ್ನದು ಯಮನ ಮನೆಯ ಉಗ್ರಾಣ ಕಣೋ ಎಂದು ಆಡಿಕೊಳ್ಳುತ್ತಿದ್ದೆ.

ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡಬೇಕು, ಕಥೆಯೆಲ್ಲ ಅದರ ಮೇಲೇ ನಿಂತಿದೆ. ಪತ್ರಿಕೆಯವನು ಕ್ಯಾಮೆರಾ ಹಿಡಿದು ಹೋದರೆ ಜನ ಸುಮ್ಮನೆ ಬಿಡುತ್ತಾರೆಯೇ? ಸ್ವಾಮಿ ನಮ್ಮದೊಂದು ಹಿಡೀರಿ ಎನ್ನುತ್ತಾರೆ. ಆಗುವುದಿಲ್ಲ ಎಂದರೆ ಮುಖ ಮುರಿದ ಹಾಗೆ, ತೆಗೆದರೆ ಫಿಲಂ ದಂಡ. ಅದಕ್ಕೆ ಎಲ್ಲ ಊರಿನ ಪತ್ರಿಕೆ ಫೋಟೋಗ್ರಾಫರುಗಳೂ ಕಂಡುಕೊಂಡಿದ್ದ ಉಪಾಯವೊಂದಿತ್ತು. ಫ್ಲಾಷಿನ ಬೆನ್ನಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಕ್ಯಾಮೆರಾ ಕಣ್ಣಿಗಿಟ್ಟು ಆ ಗುಂಡಿ ಒತ್ತಿದರೆ ಬೆಳಕು ಫಳ್ಳೆನ್ನುತ್ತದೆ, ಚಿತ್ರ ಬೀಳುವುದಿಲ್ಲ. ನಿಂತವರಿಗೆ ತೃಪ್ತಿ, ತೆಗೆದವನಿಗೆ ಉಳಿತಾಯ. ಬರೀ ಬೆಳಕು ಹೊಡೆಯುವುದು ಎನ್ನುತ್ತಿದ್ದೆವು ನಾವದಕ್ಕೆ.

ಆಮೇಲೆ ಫೋಟೋ ಕೇಳಿಕೊಂಡು ಬಂದವರಿಗೆ ಮೂರು ಮೆಟ್ಟಿಲಿನ ಸುಳ್ಳು. ಮೊದಲ ಸಲ ಬಂದರೆ ರೀಲು ಇನ್ನೂ ತೊಳೆದಿಲ್ಲ. ಎರಡನೆಯ ಸಲ ಬಂದರೆ ರೀಲು ಬೆಂಗಳೂರಿಗೆ ಹೋಗಿದೆ. ಮೂರನೆಯ ಸಲವೂ ಬಂದರೆ, ಏನು ಮಾಡುವುದು, ಬೆಳಕು ಬಿದ್ದು ಹಾಳಾಯಿತು. ಇಪ್ಪತ್ತು ವರ್ಷದಲ್ಲಿ ಮೂರನೆಯ ಮೆಟ್ಟಿಲು ಹತ್ತಿದವರು ಬೆರಳೆಣಿಕೆ. ಜನಕ್ಕೂ ಬೇರೆ ಕೆಲಸ ಇರುತ್ತದೆ. ನಾವಿಬ್ಬರೂ ಇದನ್ನು ಹೇಳಿಕೊಂಡು ಹೊಟ್ಟೆ ತುಂಬ ನಕ್ಕಿದ್ದೇವೆ. ಆ ನಗು ಈಗ ನೆನಪಾದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕನಕಪುರ ರಸ್ತೆಯ ಗತಿಯೇ ಬದಲಾಯಿತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೊಂದು ಹೊಸ ಗೇಟು ಏಳುತ್ತಿತ್ತು. ಹಿಪ್ಪುನೇರಳೆ ಕಡ್ಡಿ ಕಿತ್ತ ಹೊಲದಲ್ಲಿ ತಗಡಿನ ಶೆಡ್ಡು. ಅಲ್ಲೊಂದು ಹಸಿರು ಗೇಟಿನ ಕಾರ್ಖಾನೆ. ನೂಲಿಗೆ ಬಣ್ಣ ಹಾಕುವುದು ಅದರ ಕೆಲಸ, ಹೆಸರು ಬೇಡ. ಅದರ ಹಿಂದಿನ ಚರಂಡಿ ನೋಡಿದರೆ ಇವತ್ತು ಒಳಗೆ ಯಾವ ಬಣ್ಣ ಕುದಿಯುತ್ತಿದೆ ಎಂದು ತಿಳಿಯುತ್ತಿತ್ತು. ಸೋಮವಾರ ಕೆಂಪು, ಬುಧವಾರ ಹಳದಿ. ಆ ಚರಂಡಿಯ ಪಕ್ಕ ನಾಯಿ ಕೂಡ ಮಲಗುತ್ತಿರಲಿಲ್ಲ.

2003ರ ಆಯುಧಪೂಜೆಗೆ ಅಲ್ಲಿಂದ ಕರೆ ಬಂತು. ಅವತ್ತು ನಮಗೆ ಐದನೆಯ ಪೂಜೆ ಅದು. ಒಂದು ಕಡೆ ಒಂದನ್ನೇ ತೆಗೆದು, ಮಕ್ಬೂಲಣ್ಣ ಅಷ್ಟರಲ್ಲಿ ಏಳು ಚಿತ್ರ ಮುಗಿಸಿದ್ದ. ಬಾಯ್ಲರಿಗೆ ಬಾಳೆಕಂದು ಕಟ್ಟಿದ್ದರು. ಮ್ಯಾನೇಜರು ಬೂದುಗುಂಬಳ ಒಡೆಯುವಾಗ ಎರಡು ತೆಗೆದ, ಅಲ್ಲಿಗೆ ಒಂಬತ್ತು. ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆದಾರ ಲೋಕೇಶ್ ಎಲ್ಲರ ಕೈಗೂ ಕಡ್ಲೆಪುರಿ ಪೊಟ್ಟಣ ಕೊಡುತ್ತ ಓಡಾಡುತ್ತಿದ್ದ. ಹೊರಡುವ ಹೊತ್ತಿಗೆ ಎಂಟು ಜನ ಕೆಲಸಗಾರರು ನೀಲಿ ಅಂಗಿ ತೊಟ್ಟು ಬಾಯ್ಲರ್ ಮುಂದೆ ಸಾಲಾಗಿ ನಿಂತುಬಿಟ್ಟರು. ಅವರಲ್ಲೊಬ್ಬ ಮುಂದೆ ಬಂದು, ಸಾಬ್ರೆ, ನಮ್ಮುದೊಂದು ಹಿಡೀರಿ, ಮನೇಲಿ ತೋರುಸ್ಬೇಕು ಎಂದ. ಎತ್ತರದ ಆಳು, ಹಣೆಗೆ ಢಾಳಾಗಿ ಕುಂಕುಮ. ಅವನೇ ಬೋರಲಿಂಗಯ್ಯ. ಹೊಂಗನೂರಿನವನು, ರೇಷ್ಮೆಹುಳ ಸಾಕುವುದು ಬಿಟ್ಟು ಹಾರೋಹಳ್ಳಿಯಲ್ಲಿ ಶೀಟಿನ ಮನೆ ಬಾಡಿಗೆಗೆ ಹಿಡಿದು ಹೆಂಡತಿಯ ಜೊತೆ ಇದ್ದ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ರೀಲಿನಲ್ಲಿ ಮೂರೇ ಉಳಿದಿದ್ದವು. ಸಾವಿಗೆಂದು ಎತ್ತಿಟ್ಟ ಮೂರು. ಮಕ್ಬೂಲಣ್ಣ ನನ್ನ ಕಡೆ ನೋಡಿದ. ನಾನು ಕಣ್ಣು ಮಿಟುಕಿಸಿದೆ. ಅವನು ಒಂದು ಮೊಣಕಾಲೂರಿ, ಕ್ಯಾಮೆರಾ ಕಣ್ಣಿಗಿಟ್ಟು, ಬೋರಲಿಂಗಯ್ಯನನ್ನು ಒಸಿ ಎಡಕ್ಕೆ ಬನ್ನಿ ಎಂದು ಸರಿಸಿ, ಬೆಳಕು ಹೊಡೆದ. ಎಂಟು ಜನವೂ ನಕ್ಕರು. ಕ್ಯಾಮೆರಾ ಟಕ್ಕೆನ್ನಲಿಲ್ಲ. ಆ ಗದ್ದಲದಲ್ಲಿ ಅದು ಯಾರಿಗೆ ಬೇಕಿತ್ತು!

ಒಂಬತ್ತು ದಿನ ಕಳೆಯಿತು. ಸೋಮವಾರ ಬೆಳಿಗ್ಗೆ ಹಾರೋಹಳ್ಳಿಯಿಂದ ಎರಡು ಮೈಲಿ ಆಚೆ, ರಸ್ತೆ ಬದಿಯ ಒಣ ಹಳ್ಳದಲ್ಲಿ ಬೋರಲಿಂಗಯ್ಯನ ಹೆಣ ಸಿಕ್ಕಿತು. ಪಕ್ಕದಲ್ಲಿ ಸಾರಾಯಿ ಪ್ಯಾಕೆಟ್ಟು. ಮೈಮೇಲೆ ನೀಲಿ ಅಂಗಿ ಇರಲಿಲ್ಲ, ಯಾರದೋ ಚೌಕಳಿ ಅಂಗಿ ಇತ್ತು. ಕುಡಿದು ಬಿದ್ದು ಸತ್ತ ಎಂದು ಊರೆಲ್ಲ ಹಬ್ಬಿಸಿದವನು ಲೋಕೇಶ್, ಪೊಲೀಸರೂ ಅದನ್ನೇ ಬರೆದುಕೊಂಡು ಹೆಣ ಬಿಟ್ಟುಕೊಟ್ಟರು. ಕಾರ್ಖಾನೆಯವರನ್ನು ಕೇಳಿದರೆ ಅಂಥ ಹೆಸರಿನ ಆಳು ನಮ್ಮಲ್ಲಿ ಎಂದೂ ಇರಲಿಲ್ಲ ಎಂದರು. ಹಾಜರಿ ಪುಸ್ತಕವನ್ನೇ ಮುಂದೆ ಹಿಡಿದರು, ಅದರಲ್ಲಿ ಆ ಹೆಸರಿರಲಿಲ್ಲ. ಪುಸ್ತಕ ಮಾತ್ರ ಹೊಚ್ಚ ಹೊಸದು, ಅಂಗಡಿಯ ವಾಸನೆ ಹೋಗಿರಲಿಲ್ಲ. ಚರಂಡಿಗೆ ಹೋಗುವ ನೀರು ಮೊದಲು ತುಂಬಿಕೊಳ್ಳುವ ತೊಟ್ಟಿಯೊಂದು ಒಳಗಿದೆಯೆಂದೂ, ಅದನ್ನು ತೊಳೆಯಲು ಇಳಿದವನು ಉಸಿರು ಕಟ್ಟಿ ಮೇಲೆ ಬರಲಿಲ್ಲವೆಂದೂ ಒಂದು ಪಿಸುಮಾತು ಚಹಾದಂಗಡಿಗಳಲ್ಲಿ ಓಡಾಡಿತು. ಆದರೆ ಅವನ ಪಕ್ಕ ನಿಂತು ನಕ್ಕ ಏಳು ಜನವೂ ಬಾಯಿಗೆ ಬೀಗ ಹಾಕಿಕೊಂಡರು. ನಾನು ಮಾತಾಡಿಸಲು ಹೋದರೆ ಒಬ್ಬ ತನ್ನ ಮನೆಯ ಹಿತ್ತಿಲ ಬಾಗಿಲಿಂದ ಎದ್ದು ಹೋಗಿಬಿಟ್ಟ.

ಬೋರಲಿಂಗಯ್ಯನ ಹೆಂಡತಿ ಬೈರಮ್ಮ, ತನ್ನ ಅಣ್ಣ ಅಂಕಯ್ಯನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಳು. ಅಳುತ್ತ ಬರಲಿಲ್ಲ. ಹೆಣಕ್ಕೆ ನೀರು ಹಾಕುವಾಗ ಅವನ ಕೂದಲ ಬುಡದಲ್ಲಿ, ಉಗುರ ಸಂದಿಯಲ್ಲಿ ನೀಲಿ ಬಣ್ಣ ಕಂಡಳಂತೆ. ಎಷ್ಟು ಉಜ್ಜಿದರೂ ಹೋಗಲಿಲ್ಲವಂತೆ. ಒಣ ಹಳ್ಳದಲ್ಲಿ ಬಿದ್ದವನಿಗೆ ನೀಲಿ ಎಲ್ಲಿಂದ ಬಂತು? ಆದರೆ ಮಣ್ಣು ಮಾಡಿ ಆಗಿತ್ತು, ಕೇಳುವವರಿರಲಿಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿ ಇವಳ ಮಾತು ಪೂರ್ತಿ ಕೇಳಿ, ಅವನು ಅಲ್ಲಿ ಕೆಲಸಕ್ಕಿದ್ದ ಎನ್ನುವುದಕ್ಕೆ ಒಂದೇ ಒಂದು ಸಾಕ್ಷಿ ತನ್ನಿ, ಮುಂದಿನದು ನನಗೆ ಬಿಡಿ ಎಂದಿದ್ದರು.

ಅವಳು ಮಕ್ಬೂಲಣ್ಣನ ಮುಂದೆ ನಿಂತು ಹೇಳಿದಳು: “ಅವ್ರು ಬಾಯ್ಗೆ ಹೆಂಡ ಮುಟ್ಸಿದ್ದೋರಲ್ಲ ಸಾಬ್ರೆ. ಕುಡ್ಕ ಅನ್ನಿಸ್ಕಂಡು ಮಣ್ಣಿಗೆ ಹೋಗ್ಬುಟ್ರು. ನೀವು ಪೂಜೆ ದಿನ ಹಿಡ್ದ ಫೋಟದಲ್ಲಿ ಕಂಪ್ನಿ ಅಂಗಿ ಹಾಕಂಡು ನಿಂತವ್ರಲ್ಲ, ಅದ ಕೊಡಿ. ನಂಗೆ ಇನ್ನೇನೂ ಬ್ಯಾಡ.”

ನಾನು ಮೇಜಿನ ಮೇಲಿನ ಕಾಗದ ನೋಡುತ್ತ ಕೂತೆ. ಮಕ್ಬೂಲಣ್ಣನ ಬಾಯಿ ಇಪ್ಪತ್ತು ವರ್ಷದ ರೂಢಿ ಬಿಡಲಿಲ್ಲ. ರೀಲು ಇನ್ನೂ ತೊಳೆದಿಲ್ಲ ತಾಯಿ ಎಂದ.

ಅವಳು, ಆಗ್ಲಿ ಬತ್ತೀನಿ, ಎಂದು ಹೋದಳು. ಅವಳು ಮೆಟ್ಟಿಲಿಳಿದ ಮೇಲೆ ನಾನು ಅವನ ಮೇಲೆ ಹರಿಹಾಯ್ದೆ. ಇಲ್ಲ ಎನ್ನಲು ನಾಲಿಗೆಗೆ ಏನಾಗಿತ್ತು ಎಂದೆ. ಅವನು ನನ್ನನ್ನೇ ನೋಡುತ್ತ, ಕಣ್ಣು ಮಿಟುಕಿಸಿದವನು ನೀನು ಎಂದ. ಮರುದಿನ ಹೋಗಿ ನಿಜ ಹೇಳುವುದೆಂದು ಇಬ್ಬರೂ ಒಪ್ಪಿದೆವು.

ಮರುದಿನ ಬೆಳಿಗ್ಗೆ ಲೋಕೇಶ್ ಬಂದ. ಬಿಳಿ ಜೀಪು ಮಕ್ಬೂಲಣ್ಣನ ಗಲ್ಲಿಯೊಳಗೆ ಹಿಡಿಸದೆ ತಿರುವಿನಲ್ಲೇ ನಿಂತಿತ್ತು. ಒಂದು ಕೇಜಿ ಮೈಸೂರ್‌ಪಾಕಿನ ಡಬ್ಬ ಗುಲ್ಜಾರ್ ಬೀ ಕೈಗಿಟ್ಟು, ಚಾಪೆಯ ಮೇಲೆ ಕೂತು, ಮಕ್ಕಳು ಏನು ಓದುತ್ತಾರೆ, ದೊಡ್ಡ ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ ಎಂದು ವಿಚಾರಿಸಿಕೊಂಡ. ಚನ್ನಪಟ್ಟಣಕ್ಕೆ ಎಂದರೆ, ಗೊತ್ತು, ಬೊಂಬೆ ಮಾಡೋರ ಬೀದಿ, ಮೂರನೇ ಮನೆ, ಎಂದು ತಾನೇ ಹೇಳಿದ. ಆಮೇಲೆ ಪೂಜೆಯ ದಿನ ಕೆಲಸಗಾರರದು ಹಿಡಿದಿದ್ದರಲ್ಲ, ಅದರ ನೆಗೆಟಿವ್ ಮ್ಯಾನೇಜರಿಗೆ ಬೇಕಂತೆ ಎಂದ.

ನಾನು ಅಷ್ಟೊತ್ತಿಗೆ ಅಲ್ಲಿಗೆ ಹೋಗಿದ್ದೆ. ಮಕ್ಬೂಲಣ್ಣ ಒಮ್ಮೆ ಡಬ್ಬ ನೋಡಿದ, ಒಮ್ಮೆ ಅವನನ್ನು ನೋಡಿದ, ಆಮೇಲೆ ಮತ್ತೆ ಅದೇ ಮಾತು: ಪತ್ರಿಕೆಗೆ ಬೇಕಾದಷ್ಟನ್ನೇ ಕತ್ತರಿಸಿ ತೊಳೆದದ್ದು, ಉಳಿದ ರೀಲು ಇನ್ನೂ ತೊಳೆದಿಲ್ಲ. ಈ ಸಲ ರೂಢಿಯಿಂದ ಬಂದ ಮಾತೋ, ಬೇಕೆಂದು ಆಡಿದ್ದೋ ನನಗೆ ತಿಳಿಯಲಿಲ್ಲ. ಲೋಕೇಶ್ ಎದ್ದು ನಿಂತು, “ತೊಳೀಬ್ಯಾಡಿ ಸಾಬ್ರೆ. ತೊಳ್ದು ಯಾಕೆ ಕೈ ಗಲೀಜು ಮಾಡ್ಕತೀರಿ” ಎಂದ. ನಗುತ್ತಲೇ ಹೇಳಿದ.

ಜೀಪು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. ಸಿಟ್ಟಿಗೆ ಬುದ್ಧಿ ಕೊಡುವುದು ನನ್ನ ಹುಟ್ಟುಗುಣ. ಹೆದರಿದವನಿಗೆ ಹಗ್ಗವೇ ಹಾವು. ಇಲ್ಲದ ಚಿತ್ರಕ್ಕೆ ಇವರು ಇಷ್ಟು ಹೆದರಿದ್ದಾರೆಂದರೆ, ಇಲ್ಲವೆಂದು ನಾವು ಯಾಕೆ ಹೇಳಬೇಕು? ಅವತ್ತಿನ ಸಂಜೆಯ ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದೆ: ಮೃತನು ಕಾರ್ಖಾನೆಯ ಕೆಲಸಗಾರನೇ ಎನ್ನುವುದನ್ನು ಆಯುಧಪೂಜೆಯಂದು ತೆಗೆದ ಚಿತ್ರ ಹೇಳಲಿದೆ, ಶುಕ್ರವಾರ ಅಧಿಕಾರಿಗಳ ಸಮ್ಮುಖದಲ್ಲೇ ರೀಲನ್ನು ತೊಳೆಯಲಾಗುವುದು. ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು. ಮಕ್ಬೂಲಣ್ಣ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡ. ಬೇಡ ಎನ್ನಲಿಲ್ಲ. ಆ ಹೆಂಗಸು ತನ್ನ ಗಂಡನ ಮುಖ ನೋಡುವುದಕ್ಕೆ ಕಾಯುತ್ತಿದ್ದಾಳೆ ಕಣಪ್ಪ ಎಂದ ಅಷ್ಟೆ.

ಗುರುವಾರ ಮಧ್ಯಾಹ್ನ ಅವನ ಮನೆಯಲ್ಲಿ ಯಾರೂ ಇರಲಿಲ್ಲ. ಗುಲ್ಜಾರ್ ಬೀ ಮಗಳ ಮನೆಗೆ ಹೋಗಿದ್ದಳು, ಅವನು ನನ್ನ ಜೊತೆ ಗೂಡಿನ ಮಾರುಕಟ್ಟೆಯಲ್ಲಿದ್ದ. ಹಿಂತಿರುಗಿ ನೋಡಿದರೆ ಬಾಗಿಲ ಬೀಗ ಹಾಕಿದ ಹಾಗೇ ಇತ್ತು. ಹೊಸ್ತಿಲ ಮುಂದೆ, ನಡು ಬಿಸಿಲಲ್ಲಿ, ಫಿಲಂ ಡಬ್ಬಿ ತೆರೆದು ಕೂತಿತ್ತು. ಕಪ್ಪು ಕಾಗದವನ್ನು ನಾಲ್ಕಾಗಿ ಮಡಿಸಿ ಪಕ್ಕದಲ್ಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಮುಚ್ಚಳ ಇಟ್ಟಿದ್ದರು. ಎಂಬತ್ತು ಅಡಿಯಷ್ಟು ಫಿಲಂ ಬಿಸಿಲು ಕುಡಿದು ಸತ್ತಿತ್ತು. ಒಳಗೆ ಹೋದರೆ ತುಂಬಿಟ್ಟಿದ್ದ ರೀಲುಗಳು ಒಂದೂ ಇಲ್ಲ. ಹಳೆಯ ನೆಗೆಟಿವುಗಳ ಕಟ್ಟು ಒಂದೂ ಇಲ್ಲ. ಮೈಸೂರ್‌ಪಾಕಿನ ಖಾಲಿ ಡಬ್ಬವನ್ನು ಮಾತ್ರ ಕತ್ತಲಕೋಣೆಯ ಮೇಜಿನ ನಡುವೆ ಇಟ್ಟು ಹೋಗಿದ್ದರು.

ನಾನು ಗಲ್ಲಿಯ ತಿರುವಿನವರೆಗೆ ಓಡಿ ಜೀಪು ಇದೆಯೇ ಎಂದು ನೋಡಿ ಬಂದೆ. ಬೀಗ ಮುರಿದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಇಲ್ಲಿಗೇ ನಿಲ್ಲಿಸೋಣ, ಎಲ್ಲ ಹೋಯಿತು ಎಂದು ಬೈರಮ್ಮನಿಗೆ ಹೇಳೋಣ, ಅದೇ ಸರಿ, ಮೂರನೆಯ ಮೆಟ್ಟಿಲಿನ ಮಾತು ಈಗ ತಾನೇ ನಿಜವಾಗಿದೆ ಎಂದೆ. ಬೆಳಕು ಬಿದ್ದು ಹಾಳಾಯಿತು ಎಂದರೆ ಯಾರಾದರೂ ನಂಬುತ್ತಾರೆ.

ಮಕ್ಬೂಲಣ್ಣ ಡಬ್ಬಿಗೆ ಮುಚ್ಚಳ ಹಾಕಿದ. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಒಂದು ರೀಲು ತೆಗೆದು ನನ್ನ ಮುಂದೆ ಹಿಡಿದ. ಆಯುಧಪೂಜೆಯ ದಿನದ್ದೇ. ಅವತ್ತಿನ ಒಂಬತ್ತನ್ನು ಕತ್ತರಿಸಿ ತೊಳೆದ ಮೇಲೆ ಉಳಿದ ಮೂರು ಚಿತ್ರದ ಖಾಲಿ ತುಂಡು ಅದರಲ್ಲೇ ಇತ್ತು. ಆಮೇಲಿನ ಕೆಲಸಕ್ಕೆಲ್ಲ ಹೊಸ ರೀಲು ಬಳಸಿದ್ದ, ಇದನ್ನು ಯಾಕೋ ಮುಟ್ಟಲು ಮನಸ್ಸಾಗಿರಲಿಲ್ಲವಂತೆ. “ಅವತ್ತು ಇದ್ರಲ್ಲಿ ಒಂದ ಅವ್ರಿಗೆ ಕೊಟ್ಟಿದ್ರೆ ಆಗೋಗದು ಅಶ್ವಥ್. ಸಾವಿಗೆ ಅಂತ ಎತ್ತಿಟ್ಟೆ. ಸಾವು ಎದ್ರಿಗೇ ನಿಂತು ನಗ್ತಿತ್ತು, ನಾನು ಒಸಿ ಎಡಕ್ಕೆ ಬನ್ನಿ ಅಂದೆ” ಎಂದ. ಅವನು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶುಕ್ರವಾರ ರಾಮನಗರದ ಕಾರ್ಮಿಕ ಕಚೇರಿಯ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಬೈರಮ್ಮ, ಅಂಕಯ್ಯ ಒಂದು ಕಡೆ. ಕಾರ್ಖಾನೆಯ ಮ್ಯಾನೇಜರು, ಲೋಕೇಶ್ ಇನ್ನೊಂದು ಕಡೆ. ಅಧಿಕಾರಿ ಒಳಗೆ ಇನ್ನಾರದೋ ಕಡತ ನೋಡುತ್ತಿದ್ದರು. ಮಕ್ಬೂಲಣ್ಣ ಒಂದು ಬಕೆಟ್ಟು, ತೊಳೆಯುವ ಡಬ್ಬ, ಎರಡು ಬಾಟಲಿ ಔಷಧಿ ತಂದು ಸಾಲಾಗಿ ಇಟ್ಟ. ನಿಜವಾಗಿ ತೊಳೆಯುವವನ ಹಾಗೆ ಬಾಟಲಿ ಅಲ್ಲಾಡಿಸಿ ಬೆಳಕಿಗೆ ಹಿಡಿದು ನೋಡಿದ. ಲೋಕೇಶ್ ಬಂದು ಅವನ ಕಿವಿಯ ಹತ್ತಿರ ಬಾಗಿ, ನಿನ್ನೆ ಬಿಸಿಲು ಜಾಸ್ತಿ ಇತ್ತಲ್ಲ ಭಾಯ್ ಎಂದ. ಮಕ್ಬೂಲಣ್ಣ ಜೇಬಿನಿಂದ ರೀಲು ತೆಗೆದು ಬಕೆಟ್ಟಿನ ಪಕ್ಕ ಇಟ್ಟ. ಲೋಕೇಶನ ನಗು ಅಲ್ಲೇ ನಿಂತುಹೋಯಿತು.

ಮ್ಯಾನೇಜರು ಲೋಕೇಶನನ್ನು ಪಕ್ಕಕ್ಕೆ ಕರೆದ. ಏನೋ ಗುಸುಗುಸು ನಡೆಯಿತು. ತೊಳಿ ಎಂದು ಅವರು ಒಂದು ಮಾತು ಅಂದಿದ್ದರೆ ನಮ್ಮ ಕಥೆ ಮುಗಿಯುತ್ತಿತ್ತು. ಅಂಗೈಯಲ್ಲಿ ಖಾಲಿ ಫಿಲಂ ಹಿಡಿದು ನಿಂತ ನಮ್ಮನ್ನು ಊರೇ ಉಗಿಯುತ್ತಿತ್ತು, ಬೈರಮ್ಮನ ಗಂಡ ಕುಡುಕನಾಗಿಯೇ ಉಳಿಯುತ್ತಿದ್ದ. ಮ್ಯಾನೇಜರು ತಿರುಗಿ ಬಂದು ಅಂಕಯ್ಯನ ಜೊತೆ ಮಾತಾಡಿದ. ಬೋರಲಿಂಗಯ್ಯ ನಮ್ಮ ಕೆಲಸಗಾರ, ಕೆಲಸದ ವೇಳೆಯಲ್ಲಿ ಕಾರ್ಖಾನೆಯ ಒಳಗೆ ಆಕಸ್ಮಿಕವಾಗಿ ತೀರಿಕೊಂಡ ಎಂದು ಕಂಪನಿಯ ಕಾಗದದ ಮೇಲೆ ಬರೆದು, ಸಹಿ, ಮೊಹರು ಹಾಕಿ ಈಗಲೇ ಅಧಿಕಾರಿಗೆ ಕೊಡುತ್ತೇವೆ. ಆದರೆ ವಿಷಯ ಕಡತದಲ್ಲೇ ಉಳಿಯಬೇಕು, ರೀಲು ನಮಗೆ ಬೇಕು. ಪತ್ರಿಕೆಯಲ್ಲಿ ಆ ಚಿತ್ರ ಬರಕೂಡದು ಎಂದ.

ಅಂಕಯ್ಯ ತಂಗಿಯ ಮುಖ ನೋಡಿದ. ಅವಳು ಮಕ್ಬೂಲಣ್ಣನ ಹತ್ತಿರ ಬಂದಳು.

“ಇದ ಕೊಟ್ಬುಟ್ರೆ ಇನ್ನೊಂದು ಐತಾ ಸಾಬ್ರೆ?”

ಅವನು ತಲೆಯಾಡಿಸಿದ. ಇಲ್ಲ.

“ಅವ್ರುದು ಬ್ಯಾರೆ ಫೋಟ ಇಲ್ಲ ಕಣ್ರೀ. ಓಟಿನ ಕಾರ್ಡ್ನಾಗೆ ಇರೋದ್ರಲ್ಲಿ ಕಣ್ಣೇ ಮುಚ್ಚವ್ರೆ” ಎಂದಳು. ಸ್ವಲ್ಪ ಹೊತ್ತು ಆ ರೀಲನ್ನೇ ನೋಡಿದಳು. “ಕೊಡಿ. ಕುಡ್ಕ ಅನ್ನಿಸ್ಕಳದು ಬ್ಯಾಡ.”

ಕಾಗದ ಬರೆದಾಯಿತು. ಅಧಿಕಾರಿ ಅದನ್ನು ಎರಡು ಸಲ ಓದಿ, ಮ್ಯಾನೇಜರಿಗೆ ಇನ್ನೊಂದು ಸಹಿ ಹಾಕಲು ಹೇಳಿ, ಕಡತದೊಳಗಿಟ್ಟರು. ಮ್ಯಾನೇಜರು ಜಗಲಿಗೆ ಬಂದು ಕೈ ಚಾಚಿದ. ಮಕ್ಬೂಲಣ್ಣ 'ಸಾವಿಗೆ ಮೂರು' ಅವನ ಅಂಗೈಗಿಟ್ಟ. ಅವನು ಬಿಸಿಲಿಗೆ ಹೋಗಿ ನಿಂತು ಫಿಲಂ ತುದಿ ಹಿಡಿದು ಸರ್ರನೆ ಎಳೆದ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಬಂದು ನಿಂತಿತು. ಇಷ್ಟೇನಾ ಎಂದ. ಮಕ್ಬೂಲಣ್ಣ, ಇಷ್ಟರಲ್ಲೇ ಎಲ್ಲ ಇತ್ತು ಎಂದ.

ಬೈರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿದಳು. ಕಚೇರಿಗೆ ಬಂದ ದಿನ ಅಳದವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು. ಲೋಕೇಶ್ ಆ ತುಂಡನ್ನು ಉಂಡೆ ಮಾಡಿ ಬೂಟಿನಲ್ಲಿ ಹೊಸಕಿದ. ಹೋಗುವಾಗ ನಮ್ಮಿಬ್ಬರ ಕಡೆ ತಿರುಗಿ, ಈ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ ಎನ್ನುವ ಹಾಗೆ ತಲೆಯಾಡಿಸಿ ಹೋದ. ಅದಾದ ಮೇಲೆ ಎಷ್ಟೋ ತಿಂಗಳು, ಹಿಂದಿನಿಂದ ಜೀಪಿನ ಸದ್ದು ಬಂದರೆ ಮಕ್ಬೂಲಣ್ಣ ಮೊಪೆಡ್ಡನ್ನು ರಸ್ತೆ ಬಿಟ್ಟು ಹೊಲಕ್ಕಿಳಿಸುತ್ತಿದ್ದ. ಮಗಳ ಮನೆಗೆ ಹೋಗುವುದನ್ನೇ ನಿಲ್ಲಿಸಿದ.

ಎರಡು ವರ್ಷದ ಮೇಲೆ ಕಚೇರಿಗೆ ಡಿಜಿಟಲ್ ಕ್ಯಾಮೆರಾ ಬಂತು. ಎಷ್ಟು ಬೇಕಾದರೂ ತೆಗೆಯಬಹುದು ಎಂದು ಸಂಪಾದಕರು ಹೇಳಿದಾಗ ಮಕ್ಬೂಲಣ್ಣ, ಎರಡು ವರ್ಷ ತಡವಾಯಿತು ಎಂದ. ಆಮೇಲೆ ನಿಂತವರನ್ನೆಲ್ಲ ತೆಗೆಯುತ್ತಿದ್ದ. ಬೀದಿ ಗುಡಿಸುವವರು, ಗೇಟು ಕಾಯುವವರು, ಯಾರು ಕೇಳಿದರೂ, ಕೇಳದಿದ್ದರೂ. ಪ್ರತಿಯೊಬ್ಬರ ಹೆಸರು, ಊರು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಇದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಎಲ್ಲ ಮುಗಿದ ಮೇಲೆ ನಾನು ಮನೆಗೆ ನಡಿ ಎಂದೆ. ಗೆದ್ದಿದ್ದೇವೆ, ಸುಮ್ಮನಿದ್ದುಬಿಡು, ಚಿತ್ರ ಇತ್ತು, ಅವರು ಹಾಳು ಮಾಡಿದರು, ಅವಳಿಗೆ ಅಷ್ಟೇ ಗೊತ್ತಿರಲಿ ಎಂದೆ. ಅದು ಒಳ್ಳೆಯ ಬುದ್ಧಿಮಾತೇ ಎಂದು ಈಗಲೂ ಅನಿಸುತ್ತದೆ. ಅವನು ಕೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಅಣ್ಣನ ಜೊತೆ ಕೂತಿದ್ದ ಬೈರಮ್ಮನ ಮುಂದೆ ಹೋಗಿ ನಿಂತ. ಎಲ್ಲವನ್ನೂ ಹೇಳಿದ. ಅವತ್ತು ಚಿತ್ರ ಬೀಳಲೇ ಇಲ್ಲ, ಬರೀ ಬೆಳಕು ಹೊಡೆದೆ, ಫಿಲಂ ಉಳಿಸೋಕೆ ಹಾಗೆ ಮಾಡುತ್ತಿದ್ದೆವು, ನಿಮ್ಮ ಯಜಮಾನರಿಗೆ ಮೋಸ ಮಾಡಿದೆ ತಾಯಿ ಎಂದ. ಅಂಕಯ್ಯ ಎದ್ದು ಅವನ ಕೊರಳಪಟ್ಟಿಗೆ ಕೈ ಹಾಕಿದ. ಬೈರಮ್ಮ ಅಣ್ಣನ ಕೈ ಹಿಡಿದು ಕೂರಿಸಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ಅವತ್ತು ಸಂಜೆ ಬಂದೇಟ್ಗೇ ಗ್ವಾಡೆಗೆ ಮೊಳೆ ಹೊಡುದ್ರು ಸಾಬ್ರೆ. ಬಾಡ್ಗೆ ಮನೆ, ಓನರ್ರು ಬಯ್ತಾರೆ, ಫೋಟ ಬರ್ಲಿ ಆಮ್ಯಾಕೆ ಹೊಡೀರಿ ಅಂದೆ. ಪೇಪರ್ ಸಾಬ್ರು ಹಿಡ್ದವ್ರೆ, ಬರ್ದೆ ಎಲ್ಲೋಯ್ತದೆ ಅಂದ್ರು.”

ಹೊಂಗನೂರಿಗೆ ಹೋಗಲು ಚನ್ನಪಟ್ಟಣದ ಬಸ್ಸು ಬಂತು. ಅಂಕಯ್ಯ ಗಂಟು ಎತ್ತಿಕೊಂಡ. ಅವಳು ಮೆಟ್ಟಿಲಿಗೆ ಕಾಲಿಟ್ಟು, ಏನೋ ನೆನಪಾದವಳ ಹಾಗೆ ತಿರುಗಿದಳು.

“ನಾಳಿದ್ದು ಆ ಮನೆ ಖಾಲಿ ಮಾಡ್ಬೇಕು. ಆ ಮೊಳೆ ಕೀಳ್ಲಾ, ಅಂಗೇ ಬುಡ್ಲಾ? ನೀವೇ ಯೋಳಿ ಸಾಬ್ರೆ.”